‘ಅರ್ಥ ಕಂಡುಕೊಂಡವನು ಉಳಿದ’ ಎನ್ನಬಹುದೇ? ನಾತ್ಸಿ ಶಿಬಿರಗಳಿಂದ ಬದುಕಿ ಬಂದ ಯೆಹೂದಿ ಚಿಂತಕರ ಬಗ್ಗೆ

ಮಸಿಕುಡಿಕೆ:
ವಿಕ್ಟರ್ ಫ್ರಾಂಕಲ್ ಹೆಸರು ಈಗ ಕನ್ನಡದ ಪ್ರೇರಣಾ ಭಾಷಣಗಳಲ್ಲೂ ಕೇಳಿಬರುತ್ತಿದೆ. ಎಲ್ಲ ಕಡೆ ಸಾರಾಂಶ ಒಂದೇ: ಯಾರಿಗೆ ಬದುಕಿನ ಅರ್ಥ ಗೊತ್ತಿತ್ತೋ ಅವರು ನಾತ್ಸಿ ಶಿಬಿರದಿಂದ ಉಳಿದು ಬಂದರು, ಗೊತ್ತಿಲ್ಲದವರು ಕುಸಿದು ಸತ್ತರು. ಮಾತಿನ ಮೊದಲರ್ಧ ಕಿವಿಗೆ ಹಿತವಾಗಿದೆ. ಎರಡನೆಯ ಅರ್ಧವನ್ನು ಸುಮಾರು 60 ಲಕ್ಷ ಯೆಹೂದಿಗಳ ಸಾವಿನ ಪಕ್ಕ ಇಟ್ಟು ನೋಡಿದರೆ ಬಾಯಿ ಕಟ್ಟುತ್ತದೆ. ಸತ್ತವರು ತಮ್ಮ ಕೊರತೆಯಿಂದಲೇ ಸತ್ತರು ಎಂದ ಹಾಗಾಗಲಿಲ್ಲವೇ? ಫ್ರಾಂಕಲ್ ನಿಜಕ್ಕೂ ಹೀಗೆ ಹೇಳಿದ್ದಾನೆಯೇ? ಅವನಂತೆಯೇ ಶಿಬಿರದಿಂದ ಬದುಕಿ ಬಂದು ಬರೆದ ಪ್ರಿಮೊ ಲೆವಿ, ಜಾನ್ ಆಮೆರಿ ಏನು ಹೇಳುತ್ತಾರೆ? ಮೂವರನ್ನೂ ಓದಿಕೊಂಡವರು ಬಿಡಿಸಿ ಹೇಳಬೇಕು. ಯಾರಿಂದ ಓದು ಶುರುಮಾಡಬೇಕು ಎಂಬುದನ್ನೂ ತಿಳಿಸಿ.

ಹಳೇಬೇರು:
ತತ್ತ್ವಕ್ಕೆ ಹೋಗುವ ಮೊದಲು ತಾರೀಖು, ಜಾಗ, ಊಟದ ಲೆಕ್ಕ ಸರಿಮಾಡಿಕೊಳ್ಳೋಣ. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲೇ ಹುಟ್ಟುತ್ತವೆ.

ಫ್ರಾಂಕಲ್ ವಿಯೆನ್ನಾದ ಮನೋವೈದ್ಯ, ಹುಟ್ಟಿದ್ದು 1905. 1942ರ ಸೆಪ್ಟೆಂಬರಿನಲ್ಲಿ ಅವನನ್ನು ತೆರೇಸಿಯೆನ್‌ಸ್ಟಾಟ್‌ಗೆ ಸಾಗಿಸಿದರು. ಎರಡು ವರ್ಷ ಅಲ್ಲಿದ್ದ. 1944ರ ಅಕ್ಟೋಬರಿನಲ್ಲಿ ಆಶ್ವಿಟ್ಸ್‌ಗೆ ಹೋದವನು ಅಲ್ಲಿ ಇದ್ದದ್ದು ಕೆಲವೇ ದಿನ. ಆಮೇಲೆ ಡಾಹೌ ಶಿಬಿರದ ಶಾಖೆಗಳಾದ ಕೌಫರಿಂಗ್, ತ್ಯುರ್ಕ್‌ಹೈಮ್. 1945ರ ಏಪ್ರಿಲ್ 27ರಂದು ಅಮೆರಿಕದ ಸೇನೆ ಬಂದಾಗ ಬಿಡುಗಡೆ. ಅವನ 119104 ಎಂಬ ಕೈದಿ ಸಂಖ್ಯೆ ಕೈಮೇಲೆ ಹಚ್ಚೆ ಹೊಯ್ದದ್ದಲ್ಲ. ಹಚ್ಚೆ ಹಾಕುತ್ತಿದ್ದದ್ದು ಆಶ್ವಿಟ್ಸ್ ಸಮೂಹದಲ್ಲಿ ಮಾತ್ರ. ‘ಮೂರು ವರ್ಷ ಆಶ್ವಿಟ್ಸ್‌ನಲ್ಲಿದ್ದವನು’ ಎಂದು ಭಾಷಣಗಳಲ್ಲಿ ಹೇಳುವುದು ತಪ್ಪು. ಇದರಿಂದ ಅವನ ಸಂಕಟ ಕಡಿಮೆಯಾಗುವುದಿಲ್ಲ. ಅವನ ತಂದೆ, ತಾಯಿ, ಅಣ್ಣ, ಹೆಂಡತಿ ಎಲ್ಲರೂ ಸತ್ತರು. ಆದರೆ ಒಂದೊಂದು ಶಿಬಿರದಲ್ಲಿ ಸಾವು ಒಂದೊಂದು ದಾರಿಯಲ್ಲಿ ಬರುತ್ತಿತ್ತು. ಕೌಫರಿಂಗ್‌ನಲ್ಲಿ ಹಸಿವು, ಚಳಿ, ಹೇನಿನಿಂದ ಹರಡುವ ಟೈಫಸ್. ಆಶ್ವಿಟ್ಸ್ ಸಮೂಹದ ಬಿರ್ಕೆನೌನಲ್ಲಿ ರೈಲು ಇಳಿದ ಜಾಗದಲ್ಲೇ ಅನಿಲ ಕೋಣೆಯ ದಾರಿ.

ಲೆವಿಯ ರೈಲಿನ ಲೆಕ್ಕ ನೋಡಿ. 1944ರ ಫೆಬ್ರವರಿ 22ರಂದು ಇಟಲಿಯ ಫೊಸ್ಸೋಲಿಯಿಂದ ಆಶ್ವಿಟ್ಸ್‌ಗೆ ಹೊರಟವರು 650 ಜನ. ಶಿಬಿರದ ಒಳಗೆ ಹೋದವರು 96 ಗಂಡಸರು, 29 ಹೆಂಗಸರು. ಉಳಿದ 500ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಎರಡು ದಿನದ ನಂತರ ಜೀವಂತ ಇರಲಿಲ್ಲ. ಮಕ್ಕಳು, ಮುದುಕರು, ಮಗುವನ್ನು ಎತ್ತಿಕೊಂಡ ತಾಯಂದಿರು. ಅವರ ಬದುಕಿನ ಅರ್ಥವನ್ನು ಅಲ್ಲಿ ಯಾರೂ ವಿಚಾರಿಸಲಿಲ್ಲ. ಒಳಗೆ ಹೋದವರಿಗೆ ಬೆಳಿಗ್ಗೆ ಅರ್ಧ ಲೀಟರ್ ‘ಕಾಫಿ’ ಎಂಬ ಕಂದು ನೀರು, ಮಧ್ಯಾಹ್ನ ಸುಮಾರು ಒಂದು ಲೀಟರ್ ಸೂಪು, ಸಂಜೆ ಸುಮಾರು 300 ಗ್ರಾಂ ಕಪ್ಪು ಬ್ರೆಡ್ಡು, ಜೊತೆಗೆ 25 ಗ್ರಾಂನಷ್ಟು ಸಾಸೇಜೋ ಮಾರ್ಗರಿನ್ನೋ. ಎಲ್ಲ ಸೇರಿ ದಿನಕ್ಕೆ 1,300ರಿಂದ 1,700 ಕ್ಯಾಲೊರಿ. ಇಷ್ಟನ್ನು ತಿಂದು ಹಗಲೆಲ್ಲ ಮಣ್ಣು ಹೊರುವ ದೇಹ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಬದುಕಿ ಬಂದ ಪ್ರತಿಯೊಬ್ಬನ ಕಥೆಯಲ್ಲೂ ಈ ಪಡಿಯ ಹೊರಗಿನ ತುತ್ತು ಎಲ್ಲಿಂದ ಬಂತು ಎಂದು ಹುಡುಕಬೇಕು.

ಲೆವಿ ಇದನ್ನು ಮುಚ್ಚಿಡುವುದಿಲ್ಲ. 1944ರಲ್ಲಿ ಜರ್ಮನಿಗೆ ಕೂಲಿಯಾಳುಗಳ ಅಭಾವ ಇತ್ತು, ಕೈದಿಗಳನ್ನು ಸ್ವಲ್ಪ ಹೆಚ್ಚು ಕಾಲ ಬದುಕಿಸಿ ದುಡಿಸಿಕೊಳ್ಳುವ ತೀರ್ಮಾನ ಆಗಿತ್ತು. ತಾನು ಅಲ್ಲಿಗೆ ಹೋದದ್ದು ಆಮೇಲೆ, ಅದೇ ಅದೃಷ್ಟ ಎನ್ನುತ್ತಾನೆ. ಫೊಸ್ಸಾನೊ ಊರಿನ ಗಾರೆ ಕೆಲಸಗಾರ ಲೊರೆಂಜೊ ಪೆರೋನೆ ಆರು ತಿಂಗಳು ದಿನವೂ ಕದ್ದು ಸೂಪು ತಂದುಕೊಟ್ಟ. ರಸಾಯನಶಾಸ್ತ್ರ ಓದಿದ್ದರಿಂದ ಕೊನೆಯ ಚಳಿಗಾಲದಲ್ಲಿ ಪ್ರಯೋಗಾಲಯದ ಬೆಚ್ಚನೆಯ ಕೆಲಸ ಸಿಕ್ಕಿತು. 1945ರ ಜನವರಿಯಲ್ಲಿ ಸ್ಕಾರ್ಲೆಟ್ ಜ್ವರ ಬಂದು ಶಿಬಿರದ ಆಸ್ಪತ್ರೆಯಲ್ಲಿ ಬಿದ್ದ, ನಾತ್ಸಿಗಳು ಹೊರಡಿಸಿದ ಸಾವಿನ ನಡಿಗೆಯಿಂದ ಹೀಗೆ ತಪ್ಪಿಸಿಕೊಂಡ. ಅವನ ಜೀವದ ಗೆಳೆಯ ಆಲ್ಬೆರ್ತೊ ಆರೋಗ್ಯವಾಗಿದ್ದ. ಆರೋಗ್ಯವಾಗಿದ್ದುದರಿಂದಲೇ ಆ ನಡಿಗೆಗೆ ಹೋದ, ಹಿಂತಿರುಗಲಿಲ್ಲ.

ಇರುಳುದೀಪ:
ಹಳೇಬೇರು ಅವರ ಲೆಕ್ಕ ಒಪ್ಪಿದೆ. ಆದರೆ ಭಾಷಣಕಾರರ ತಪ್ಪನ್ನು ಫ್ರಾಂಕಲ್ ತಲೆಗೆ ಕಟ್ಟಬಾರದು. ಬಿಡುಗಡೆಯಾದ ವರ್ಷವೇ, 9 ದಿನಗಳಲ್ಲಿ ಅವನು ಹೇಳಿ ಬರೆಸಿದ ಪುಸ್ತಕದ ಮೊದಲ ಪುಟಗಳಲ್ಲೇ ನಮ್ಮಲ್ಲಿ ಅತ್ಯುತ್ತಮರು ಹಿಂತಿರುಗಲಿಲ್ಲ ಎಂಬ ಮಾತಿದೆ. ಉಳಿದದ್ದು ಯೋಗ್ಯತೆಗೆ ಸಿಕ್ಕ ಬಹುಮಾನ ಎಂದು ತಿಳಿದವನು ಹೀಗೆ ಬರೆಯುತ್ತಾನೆಯೇ?

ಅವನ ವಾದದ ತಿರುಳು ಬೇರೆ. ಹೆಚ್ಚಿನ ಕೈದಿಗಳು ಕೇಳುತ್ತಿದ್ದ ಪ್ರಶ್ನೆ: ನಾವು ಬದುಕಿ ಹೊರಗೆ ಹೋಗುತ್ತೇವೆಯೇ? ಹೋಗದಿದ್ದರೆ ಈ ನೋವಿಗೆಲ್ಲ ಅರ್ಥವಿಲ್ಲ. ಫ್ರಾಂಕಲ್ ಅದನ್ನು ತಿರುಗಿಸಿದ. ಈ ನೋವಿಗೆ, ಈ ಸಾವುಗಳಿಗೆ ಅರ್ಥವಿದೆಯೇ? ಇಲ್ಲದಿದ್ದರೆ ಬದುಕಿ ಹೋಗುವುದಕ್ಕೂ ಅರ್ಥವಿಲ್ಲ, ಏಕೆಂದರೆ ಹೋಗುವುದೂ ಬಿಡುವುದೂ ಕೇವಲ ಆಕಸ್ಮಿಕ. ಉಳಿವು ಆಕಸ್ಮಿಕ ಎಂಬುದನ್ನು ಅವನೇ ವಾದದ ಬುಡದಲ್ಲಿ ಇಟ್ಟಿದ್ದಾನೆ. ಅವನ ‘ಅರ್ಥ’ ಸಾಯುವವನಿಗೂ ಸಲ್ಲುತ್ತದೆ. ಶಿಬಿರದಲ್ಲಿ ಸಾಯುತ್ತಿದ್ದ ಒಬ್ಬ ತರುಣಿ ಕಿಟಕಿಯಿಂದ ಕಾಣುವ ಚೆಸ್ಟ್‌ನಟ್ ಮರದ ಒಂದು ಕೊಂಬೆಯನ್ನೂ ಅದರ ಎರಡು ಹೂಗೊಂಚಲನ್ನೂ ನೋಡುತ್ತ ಸಮಾಧಾನದಿಂದಿದ್ದದ್ದನ್ನು ಅವನು ವಿವರಿಸುತ್ತಾನೆ. ಅವಳು ಉಳಿಯಲಿಲ್ಲ. ಫ್ರಾಂಕಲ್‌ಗೆ ಅವಳೇ ಉದಾಹರಣೆ.

ಹಳೇಬೇರು:
ಇರುಳುದೀಪ ಅವರೇ, ಈ ತಿದ್ದುಪಡಿ ಬೇಕಿತ್ತು. ಆದರೂ ಒಂದು ಎಳೆ ಸಡಿಲ ಉಳಿಯುತ್ತದೆ. ಅದೇ ಪುಸ್ತಕದಲ್ಲಿ, 1945ರ ಮಾರ್ಚ್ 30ಕ್ಕೆ ಬಿಡುಗಡೆ ಎಂದು ಕನಸು ಕಂಡ ಕೈದಿಯ ಪ್ರಸಂಗ ಬರುತ್ತದೆ. ದಿನ ಹತ್ತಿರ ಬಂದರೂ ಬಿಡುಗಡೆಯ ಸುಳಿವಿಲ್ಲ. 29ಕ್ಕೆ ಜ್ವರ ಏರಿತು, 30ಕ್ಕೆ ಪ್ರಜ್ಞೆ ತಪ್ಪಿತು, 31ಕ್ಕೆ ತೀರಿಕೊಂಡ. ಆಸೆ ಮುರಿದದ್ದರಿಂದ ದೇಹದ ತಡೆಶಕ್ತಿ ಕುಸಿಯಿತು ಎಂಬುದು ಫ್ರಾಂಕಲ್ ವಿವರಣೆ. 1944ರ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಸಾವು ಹೆಚ್ಚಿದ್ದಕ್ಕೂ ಶಿಬಿರದ ವೈದ್ಯನ ಮಾತನ್ನು ಆಧರಿಸಿ ಇದೇ ಕಾರಣ ಕೊಡುತ್ತಾನೆ. ಭಾಷಣಕಾರರು ಎತ್ತಿಕೊಳ್ಳುವುದು ಈ ಎರಡು ಪುಟಗಳನ್ನೇ.

ಮಾರ್ಚ್ ಕೊನೆಯಲ್ಲಿ ಆ ಶಿಬಿರದಲ್ಲಿ ಟೈಫಸ್ ಹರಡಿತ್ತು. ಹಸಿವಿನಿಂದ ಸೊರಗಿದ ದೇಹಕ್ಕೆ ಟೈಫಸ್ ಬಂದರೆ ಆಸೆ ಇದ್ದವನೂ ಸಾಯುತ್ತಾನೆ. ಅದೇ ವಾರ ಆಸೆ ಮುರಿದೂ ಸಾಯದವರು ಎಷ್ಟು ಮಂದಿ, ಆಸೆ ಇಟ್ಟುಕೊಂಡೇ ಸತ್ತವರು ಎಷ್ಟು ಮಂದಿ ಎಂದು ಎಣಿಸದೆ ಕಾರಣ ಹೇಳಲು ಬರುವುದಿಲ್ಲ. ಫ್ರಾಂಕಲ್‌ನನ್ನು ನೈತಿಕ ಚಿಂತಕ ಎಂದು ಓದಿದರೆ ಅವನು ಗಟ್ಟಿ. ಉಳಿವಿನ ವಿಜ್ಞಾನ ಹೇಳುವವನು ಎಂದು ಓದಿದರೆ ಅವನಿಗೂ ಸತ್ತವರಿಗೂ ಅನ್ಯಾಯ.

ತುಂಗಾತೀರ:
ಆಮೆರಿಯ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ನನ್ನ ಮಟ್ಟಿಗೆ ಮೂವರಲ್ಲಿ ಅತಿ ಕಠಿಣ ಪ್ರಾಮಾಣಿಕತೆ ಅವನದು.

ಹುಟ್ಟು ಹೆಸರು ಹಾನ್ಸ್ ಮೇಯರ್, ವಿಯೆನ್ನಾ, 1912. ತಂದೆ ಯೆಹೂದಿ, ತಾಯಿ ಕ್ಯಾಥೊಲಿಕ್. ಹೀಬ್ರೂ ಬಾರದು, ಹಬ್ಬ ಆಚರಿಸಿದವನಲ್ಲ. 1935ರಲ್ಲಿ ವಿಯೆನ್ನಾದ ಕಾಫಿ ಹೌಸಿನಲ್ಲಿ ಕೂತು, ಯಾರು ಯೆಹೂದಿ ಎಂದು ನಾತ್ಸಿಗಳು ಗೊತ್ತುಮಾಡಿದ ನ್ಯೂರೆಂಬರ್ಗ್ ಕಾನೂನುಗಳನ್ನು ಪತ್ರಿಕೆಯಲ್ಲಿ ಓದಿದಾಗ ತಾನು ಯೆಹೂದಿ ಎಂಬುದು ಅವನಿಗೆ ನಾಟಿತು. ಯೆಹೂದಿ ಆಗಲು ಅವನಿಗೆ ಸಾಧ್ಯವಿರಲಿಲ್ಲ, ಆಗದೆ ಇರಲು ಲೋಕ ಬಿಡಲಿಲ್ಲ. ಯೆಹೂದಿಗಳ ಹಿಂಸೆಯನ್ನು ‘ನಂಬಿಕೆಗಾಗಿ ಪಟ್ಟ ಕಷ್ಟ’ ಎಂದು ಬರೆಯುವ ನಮ್ಮ ಅಭ್ಯಾಸ ಇವನ ಮುಂದೆ ನಿಲ್ಲುವುದಿಲ್ಲ. ಮತ ಬಿಟ್ಟರೂ, ಬೇರೆ ಮತಕ್ಕೆ ಸೇರಿದರೂ ಆ ಕಾನೂನಿನಿಂದ ಬಿಡುಗಡೆ ಇರಲಿಲ್ಲ; ಅದು ಅಜ್ಜ ಅಜ್ಜಿಯರನ್ನು ಎಣಿಸುತ್ತಿತ್ತು.

1943ರ ಜುಲೈನಲ್ಲಿ ಬ್ರಸೆಲ್ಸ್‌ನಲ್ಲಿ ನಾತ್ಸಿವಿರೋಧಿ ಕರಪತ್ರ ಹಂಚುವಾಗ ಸಿಕ್ಕಿಬಿದ್ದ. ಬ್ರೇನ್‌ಡಾಂಕ್ ಕೋಟೆಗೆ ಒಯ್ದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಟ್ಟಿದ ಕೈಗಳಿಗೆ ಸೂರಿನ ಸರಪಳಿಯ ಕೊಕ್ಕೆ ಸಿಕ್ಕಿಸಿ ಮೇಲಕ್ಕೆ ಎಳೆದರು. ದೇಹದ ಭಾರಕ್ಕೆ ಎರಡೂ ಭುಜದ ಕೀಲು ತಪ್ಪಿದವು. ಹಿಂಸೆಗೆ ಯುರೋಪಿನ ಭಾಷೆಗಳಲ್ಲಿರುವ ‘ಟಾರ್ಚರ್’ ಎಂಬಂಥ ಪದ ‘ತಿರುಚು’ ಎಂಬ ಲ್ಯಾಟಿನ್ ಧಾತುವಿನಿಂದ ಬಂದದ್ದು ಎಂದು ಆ ಜಾಗದಲ್ಲೇ ನೆನಪಿಸುತ್ತಾನೆ. ಆದರೆ ಅವನ ಮುಖ್ಯ ಮಾತು ಕೊಕ್ಕೆಗೂ ಮೊದಲಿನದು, ಮೊದಲನೆಯ ಏಟಿನದು. ಮಗುವಾಗಿದ್ದಾಗಿನಿಂದ ನಮಗೊಂದು ಭರವಸೆ ಇರುತ್ತದೆ: ನನ್ನ ಚರ್ಮದ ಗಡಿಯನ್ನು ಬೇರೆಯವರು ಮೀರಲಾರರು, ಮೀರಿದರೆ ಯಾರೋ ಸಹಾಯಕ್ಕೆ ಬರುತ್ತಾರೆ. ಮೊದಲ ಏಟು ಬಿದ್ದು ಯಾರೂ ಬರದೆ ಹೋದಾಗ ಲೋಕದ ಮೇಲಿನ ಆ ನಂಬಿಕೆ ಕಳಚಿ ಬೀಳುತ್ತದೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಹಿಂಸೆಗೆ ಒಳಗಾದವನು ಹಿಂಸೆಯ ಒಳಗೇ ಇರುತ್ತಾನೆ ಎಂದು 22 ವರ್ಷದ ಮೇಲೆ ಬರೆದ.

ಅವನ ಎರಡನೆಯ ದೊಡ್ಡ ಮಾತು ಕಾಲದ ಬಗ್ಗೆ. ಅದನ್ನು ಬರೆದ ಹೊತ್ತು ಗೊತ್ತಿಲ್ಲದಿದ್ದರೆ ಅದು ಬರೀ ಕಹಿಯಂತೆ ಕಾಣುತ್ತದೆ. 1963ರ ಡಿಸೆಂಬರಿನಿಂದ 1965ರ ಆಗಸ್ಟ್‌ವರೆಗೆ ಫ್ರಾಂಕ್‌ಫರ್ಟ್‌ನಲ್ಲಿ ಆಶ್ವಿಟ್ಸ್ ಅಧಿಕಾರಿಗಳ ವಿಚಾರಣೆ ನಡೆಯಿತು. ಪಶ್ಚಿಮ ಜರ್ಮನಿಯ ಕಾನೂನಿನಲ್ಲಿ ಆಗ ಕೊಲೆ ಮೊಕದ್ದಮೆಗೆ 20 ವರ್ಷದ ಕಾಲಮಿತಿ ಇತ್ತು. 1945ರಿಂದ ಎಣಿಸಿದರೆ 1965ರ ಮೇನಲ್ಲಿ ನಾತ್ಸಿ ಕೊಲೆಗಾರರೆಲ್ಲ ಪಾರು. ಸಂಸತ್ತು ವಾದ ಮಾಡಿ ಎಣಿಕೆಯ ಶುರುವನ್ನು 1949ರ ಕೊನೆಗೆ ತಳ್ಳಿತು. ಕೊಲೆಗೆ ಕಾಲಮಿತಿಯೇ ಬೇಡ ಎಂದು ತೀರ್ಮಾನವಾದದ್ದು 1979ರಲ್ಲಿ, ಆಮೆರಿ ಆತ್ಮಹತ್ಯೆ ಮಾಡಿಕೊಂಡ ಮರುವರ್ಷ. ‘ಆದದ್ದು ಆಯಿತು, ಕಾಲ ಎಲ್ಲವನ್ನೂ ಮರೆಸುತ್ತದೆ’ ಎಂದು ಊರೆಲ್ಲ ಹೇಳುತ್ತಿದ್ದಾಗ ಇವನು ಹೇಳಿದ್ದು: ಗಾಯ ತಾನಾಗಿ ಮಾಯುವುದು ಶರೀರದ ನಿಯಮ, ನ್ಯಾಯದ ನಿಯಮವಲ್ಲ. ಕೊಂದವನೂ ‘ಅದು ಆಗಬಾರದಿತ್ತು’ ಎಂದು ತನ್ನ ಕೃತ್ಯದ ಎದುರು ನಿಲ್ಲುವವರೆಗೆ ನನ್ನ ರೋಷ ನನ್ನದು. ಇದನ್ನು ಮನೋರೋಗ ಎಂದು ಕರೆದ ವೈದ್ಯರಿಗೆ ಅವನು ಕೊಟ್ಟ ಉತ್ತರವೂ ಇದೇ.

ಬಿಳಿಹಾಳೆ:
ಒಂದು ಪ್ರಶ್ನೆ. ಲೆವಿಯೂ ಆಮೆರಿಯೂ ಇದ್ದದ್ದು ಆಶ್ವಿಟ್ಸ್ ಸಮೂಹದ ಒಂದೇ ಮೊನೊವಿಟ್ಸ್ ಶಿಬಿರದಲ್ಲಿ. ಆದರೂ ವಿದ್ಯೆ, ಸಾಹಿತ್ಯ ಶಿಬಿರದಲ್ಲಿ ನೆರವಾಯಿತೇ ಎಂಬುದಕ್ಕೆ ಒಬ್ಬ ಹೌದು ಎನ್ನುತ್ತಾನೆ, ಇನ್ನೊಬ್ಬ ಇಲ್ಲ ಎನ್ನುತ್ತಾನೆ. ಯಾಕೆ?

ತುಂಗಾತೀರ:
ಇಬ್ಬರ ಸಂದರ್ಭವನ್ನೂ ಹತ್ತಿರದಿಂದ ನೋಡಬೇಕು. ಆಮೆರಿ ಚಳಿಗಾಲದ ಸಂಜೆ ಕೆಲಸದಿಂದ ಕಾಲೆಳೆದುಕೊಂಡು ವಾಪಸಾಗುವಾಗ, ಕಟ್ಟಡದ ಮುಂದೆ ಬಾವುಟ ಪಟಪಟಿಸುವುದನ್ನು ಕಂಡು ಜರ್ಮನ್ ಕವಿ ಹೋಲ್ಡರ್ಲಿನ್‌ನ ಒಂದು ಸಾಲು ಬಾಯಿಗೆ ಬರುತ್ತದೆ. ಗಟ್ಟಿಯಾಗಿ ಹೇಳಿ ನೋಡುತ್ತಾನೆ. ಒಳಗೆ ಏನೂ ಅಲುಗುವುದಿಲ್ಲ. ಬಾವುಟ ಬಾವುಟವಾಗಿಯೇ ಉಳಿಯಿತು. ಅವನ ಪಕ್ಕದಲ್ಲಿ ಆ ಸಾಲು ಗೊತ್ತಿದ್ದ ಒಬ್ಬನೂ ಇರಲಿಲ್ಲ.

ಲೆವಿಯದು ಬೇರೆ ಗಳಿಗೆ. ಗೆಳೆಯನಂಥ ಒಬ್ಬ ಫ್ರೆಂಚ್ ಹುಡುಗನ ಜೊತೆ ಸೂಪಿನ ಕೊಪ್ಪರಿಗೆ ತರಲು ಅಡುಗೆಮನೆಗೆ ಹೋಗುವ ಕೆಲಸ. ಬಿಸಿಲಿದೆ, ಸುಮಾರು ಒಂದು ಗಂಟೆ ಬಿಡುವು, ಕೊಪ್ಪರಿಗೆ ಹೋಗುವಾಗ ಖಾಲಿ. ಆ ಹುಡುಗನಿಗೆ ಇಟಾಲಿಯನ್ ಕಲಿಸುವ ನೆಪದಲ್ಲಿ ಇಟಲಿಯ ಕವಿ ಡಾಂಟೆಯ ಯುಲಿಸಿಸ್ ಪ್ರಸಂಗ ಹೇಳಲು ತೊಡಗುತ್ತಾನೆ. ನಡುವೆ ಕೆಲವು ಸಾಲು ಮರೆತಿವೆ. ಅವನ್ನು ಕೂಡಿಸಿಕೊಳ್ಳಲು ಇವತ್ತಿನ ಸೂಪನ್ನೇ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಮೇಲೆ ಹಳೇಬೇರು ಅವರು ಕೊಟ್ಟ ಪಡಿಯ ಲೆಕ್ಕದ ಪಕ್ಕ ಇದನ್ನಿಟ್ಟು ಓದಿ, ಬೆಲೆ ತಿಳಿಯುತ್ತದೆ. ಕೇಳಿಸಿಕೊಳ್ಳುವ ಒಂದು ಜೀವ ಇತ್ತು ಎಂಬುದೇ ಇಬ್ಬರ ನಡುವಿನ ವ್ಯತ್ಯಾಸ. ಕಾವ್ಯವನ್ನು ಮಾತ್ರ ತೂಗಿ ಒಬ್ಬನನ್ನು ಗೆಲ್ಲಿಸಲಾಗದು.

ಇನ್ನೊಂದು ಭೇದವೂ ಇದೆ. ಆಮೆರಿ ಲೆವಿಯನ್ನು ‘ಕ್ಷಮಿಸುವವನು’ ಎಂದು ಕರೆದ. ಲೆವಿ ಒಪ್ಪಲಿಲ್ಲ: ನಾನು ಯಾರನ್ನೂ ಕ್ಷಮಿಸಿಲ್ಲ, ನನಗೆ ಬೇಕಾದದ್ದು ನ್ಯಾಯ, ಆದರೆ ಹೊಡೆತಕ್ಕೆ ಹೊಡೆತ ಕೊಡುವುದು ನನ್ನಿಂದ ಆಗದು. ಆಮೆರಿ ಶಿಬಿರದಲ್ಲಿ ಯುಷೆಕ್ ಎಂಬ ಪೋಲಿಷ್ ಮೇಸ್ತ್ರಿಯ ಮುಖಕ್ಕೆ ತಿರುಗಿ ಗುದ್ದಿದ್ದ, ಅದಕ್ಕಾಗಿ ಚೆನ್ನಾಗಿ ಪೆಟ್ಟು ತಿಂದಿದ್ದ. ತನ್ನ ಘನತೆ ಆ ಮುಷ್ಟಿಯಲ್ಲಿ ಮೈತಾಳಿತು ಎಂಬುದು ಅವನ ಮಾತು.

ಅನುವಾದದಮೇಜು:
ಈ ಚರ್ಚೆಯನ್ನು ಕನ್ನಡದಲ್ಲಿ ನಡೆಸುವಾಗ ಮೂರು ಪದಗಳು ತೊಡಕು ಕೊಡುತ್ತವೆ. ಪದ ಜಾರಿದರೆ ವಾದವೇ ಜಾರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದು ಆಮೆರಿಯ ರೋಷ. ‘ದ್ವೇಷ’ ಎಂದರೆ ಎದುರಾಳಿಯನ್ನು ನಾಶಮಾಡುವ ಆಸೆ ಬಂದುಬಿಡುತ್ತದೆ, ಅದು ಅವನಲ್ಲಿಲ್ಲ. ‘ಸೇಡು’, ‘ಮುಯ್ಯಿ’ ಎಂದರೆ ಲೆಕ್ಕ ತೀರಿಸುವ ಮಾತು. ಈ ಲೆಕ್ಕ ತೀರುವುದಿಲ್ಲ ಎಂಬುದೇ ಅವನ ವಾದ. ‘ಅಸಮಾಧಾನ’ ತೀರಾ ತೆಳು. ತುಂಗಾತೀರ ಅವರು ಬಳಸಿದ ‘ರೋಷ’ ಹತ್ತಿರ ಬರುತ್ತದೆ, ಆದರೆ ರೋಷ ಕ್ಷಣದ್ದು. ‘ಆರದ ರೋಷ’ ಎಂದರೆ ಕಾಲದ ಅಂಶವೂ ಸೇರುತ್ತದೆ.

ಎರಡನೆಯದು ಲೆವಿಯ ‘ಬೂದುವಲಯ’. ಪದ ಸರಳ, ಬಳಕೆ ಅಪಾಯದ್ದು. ಹೆಚ್ಚುವರಿ ಸೂಪಿಗಾಗಿ ಸಣ್ಣ ಅಧಿಕಾರ ವಹಿಸಿಕೊಂಡ ಕೈದಿಗಳು, ಕಾಪೋಗಳು ಎಂಬ ಕೈದಿ ಮೇಲ್ವಿಚಾರಕರು, ಅನಿಲ ಕೋಣೆಯಿಂದ ಹೆಣ ಸಾಗಿಸಲು ನೇಮಿಸಿದ ಸೊಂಡರ್‌ಕಮಾಂಡೋಗಳು, ಇವರ ಬಗ್ಗೆ ತೀರ್ಪು ಕೊಡುವ ಮುನ್ನ ತಡೆಯಿರಿ ಎಂದ ಅವನು. ಅದನ್ನು ಓದಿ ‘ಎಲ್ಲರೂ ಒಂದೇ, ಎಲ್ಲರಲ್ಲೂ ಪಾಪ ಇದೆ’ ಎಂದು ಬರೆಯುವವರಿದ್ದಾರೆ. ಕೊಲೆಗಾರನನ್ನೂ ಬಲಿಯಾದವನನ್ನೂ ಕಲಸುವುದು ನೈತಿಕ ರೋಗ ಎಂದು ಅದೇ ಬರಹದಲ್ಲಿ ಲೆವಿ ಕಟುವಾಗಿ ಹೇಳಿದ್ದಾನೆ. ಬೂದುಬಣ್ಣ ಕೈದಿಗಳ ಕಡೆಯದು. ಶಿಬಿರ ಕಟ್ಟಿದವರಿಗೆ ಅದು ಆಸರೆಯಲ್ಲ.

ಮೂರನೆಯದು ನಾಚಿಕೆ. ಇದನ್ನು ‘ಅಪರಾಧಿ ಪ್ರಜ್ಞೆ’ ಎಂದು ಅನುವಾದಿಸುವುದು ರೂಢಿ. ಸರಿಯಲ್ಲ. ಲೆವಿಯ ಒಂದು ಪ್ರಸಂಗ ನೋಡಿ. 1944ರ ಆಗಸ್ಟ್, ವಿಪರೀತ ಸೆಕೆ, ಕುಡಿಯಲು ನೀರಿಲ್ಲ. ಬಾಂಬಿಗೆ ಬಿದ್ದ ನೆಲಮಾಳಿಗೆಯ ಅವಶೇಷ ತೆಗೆಯುವ ಕೆಲಸ. ಗೋಡೆಗೆ ಹೊಂದಿದ ಒಂದು ಕೊಳವೆ, ಅದಕ್ಕೊಂದು ನಲ್ಲಿ ಅವನ ಕಣ್ಣಿಗೆ ಬೀಳುತ್ತದೆ. ಕಲ್ಲಿನಿಂದ ಬಡಿದು ನಲ್ಲಿ ಸಡಿಲಿಸಿದರೆ ನೀರು ತೊಟ್ಟಿಕ್ಕುತ್ತದೆ. ಇರುವುದು ಒಂದು ಲೀಟರ್, ಅಷ್ಟೂ ಇಲ್ಲವೇನೋ. ತಾನೊಬ್ಬನೇ ಕುಡಿಯುವುದೇ, ಆಲ್ಬೆರ್ತೊಗೆ ಕೊಡುವುದೇ, ಗುಂಪಿಗೆಲ್ಲ ಹೇಳುವುದೇ? ಆಲ್ಬೆರ್ತೊಗೆ ಮಾತ್ರ ಹೇಳಿದ. ಇಬ್ಬರೂ ನೆಲಕ್ಕೆ ಅಂಗಾತ ಬಿದ್ದು ಸರದಿಯಲ್ಲಿ ಬಾಯೊಡ್ಡಿ ಕುಡಿದರು. ವಾಪಸು ಬರುವಾಗ ಸಿಮೆಂಟಿನ ಧೂಳು ಮೆತ್ತಿ, ತುಟಿ ಒಡೆದು ನಿಂತಿದ್ದ ದಾನಿಯೆಲೆ ಇವರನ್ನು ಕಂಡ, ಅರ್ಥಮಾಡಿಕೊಂಡ. ಬಿಡುಗಡೆಯಾಗಿ ತಿಂಗಳುಗಳಾದ ಮೇಲೆ ಕೇಳಿದ: ನೀವಿಬ್ಬರು ಯಾಕೆ, ನಾನು ಯಾಕಲ್ಲ? ಲೆವಿ ಕದಿಯಲಿಲ್ಲ, ಯಾರನ್ನೂ ಹೊಡೆಯಲಿಲ್ಲ. ಯಾವ ನ್ಯಾಯಾಲಯದಲ್ಲೂ ಇದು ಅಪರಾಧವಲ್ಲ. ಆದರೂ ಹಂಚಿಕೊಳ್ಳದ ಆ ನೀರು ಲೆವಿ, ದಾನಿಯೆಲೆ ಇಬ್ಬರ ನಡುವೆ ಇದ್ದೇ ಇತ್ತು. ‘ತಲೆ ತಗ್ಗಿತು’ ಎನ್ನುತ್ತೇವಲ್ಲ, ಅದು. ‘ನಾಚಿಕೆ’ ಸಾಕು, ಅಪರಾಧದ ಮಾತು ತಂದರೆ ಬಲಿಯಾದವನನ್ನು ಕಟಕಟೆಗೆ ನಿಲ್ಲಿಸಿದ ಹಾಗಾಗುತ್ತದೆ.

ಬಿಳಿಹಾಳೆ:
ಮೂವರೂ ದೇವರನ್ನು ನಂಬಿದವರೇ ಎಂಬ ಪ್ರಶ್ನೆ ಬರಬಹುದು. ಲೆವಿ, ಆಮೆರಿ ನಂಬಿಕೆಯಿಲ್ಲದೆ ಹೋದರು, ನಂಬಿಕೆಯಿಲ್ಲದೆ ಬಂದರು. ಆದರೆ ಧಾರ್ಮಿಕ ಯೆಹೂದಿಗಳಿಗೂ ಮಾರ್ಕ್ಸ್‌ವಾದಿಗಳಿಗೂ ತನಗಿಲ್ಲದ ಒಂದು ಆಸರೆ ಇತ್ತು ಎಂದು ಆಮೆರಿಯೇ ಒಪ್ಪುತ್ತಾನೆ.

ಆ ಆಸರೆ ಹೇಗಿತ್ತು ಎಂಬುದಕ್ಕೆ ಲಿಥುವೇನಿಯದ ಕೌನಸ್‌ನಲ್ಲಿ ಯೆಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋದ ಒಂದು ಉದಾಹರಣೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿನ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಎಫ್ರಾಯಿಮ್ ಓಶ್ರಿ ಜನ ತಂದ ಧರ್ಮಸೂಕ್ಷ್ಮದ ಪ್ರಶ್ನೆಗಳನ್ನು ಸಿಮೆಂಟು ಚೀಲದಿಂದ ಹರಿದ ಕಾಗದದ ಮೇಲೆ ಗುರುತು ಹಾಕಿ, ಡಬ್ಬಿಗಳಲ್ಲಿ ಹೂತಿಟ್ಟಿದ್ದ. ಯುದ್ಧದ ನಂತರ ತೆಗೆದ. ಒಂದು ಪ್ರಶ್ನೆ ಹೀಗಿದೆ. ಯೆಹೂದಿ ಬೆಳಗಿನ ಪ್ರಾರ್ಥನೆಯಲ್ಲಿ ‘ನನ್ನನ್ನು ದಾಸನನ್ನಾಗಿ ಮಾಡದ ದೇವರಿಗೆ ಸ್ತುತಿ’ ಎಂಬ ಸಾಲಿದೆ. ದಿನವೂ ಬಂದೂಕಿನಡಿ ಬಿಟ್ಟಿ ದುಡಿಯುವವನು ಇದನ್ನು ಹೇಳಿದರೆ ಸುಳ್ಳು ಹೇಳಿದಂತಲ್ಲವೇ? ಹೇಳಲೇಬೇಕು ಎಂದು ಓಶ್ರಿ ತೀರ್ಪು ಕೊಟ್ಟ. ಆ ಸಾಲು ಮೈಯ ಬಿಡುಗಡೆಯ ಬಗ್ಗೆ ಬರೆದದ್ದಲ್ಲ. ಬಿಟ್ಟುಬಿಟ್ಟರೆ ಶತ್ರು ಹೇಳಿದ್ದನ್ನು ನಾವೇ ಒಪ್ಪಿದ ಹಾಗೆ. ಫ್ರಾಂಕಲ್ ಹೇಳುವ ಒಳಗಿನ ಸ್ವಾತಂತ್ರ್ಯಕ್ಕೆ ಇದು ಹತ್ತಿರ. ಆದರೆ ಇಲ್ಲಿ ಅದು ಒಬ್ಬೊಬ್ಬನ ಮನಸ್ಸಿನ ಸಾಧನೆಯಲ್ಲ, ಎಲ್ಲರೂ ಬೆಳಿಗ್ಗೆ ಹೇಳಬೇಕಾದ ಒಂದು ಸಾಲು.

ಅದೇ ಕೌನಸ್‌ನಲ್ಲಿ ಹುಟ್ಟಿದವನು ತತ್ತ್ವಚಿಂತಕ ಇಮಾನ್ಯುಯೆಲ್ ಲೆವಿನಾಸ್. ಅವನ ಮನೆಯವರು ಅಲ್ಲೇ ಕೊಲೆಯಾದರು. ಅವನು ಮಾತ್ರ ಫ್ರೆಂಚ್ ಸೈನಿಕನಾಗಿ 1940ರಲ್ಲಿ ಸೆರೆಸಿಕ್ಕ. ಸಮವಸ್ತ್ರ ಇದ್ದದ್ದರಿಂದ ಜಿನೀವಾ ಒಪ್ಪಂದದ ರಕ್ಷಣೆ ಸಿಕ್ಕಿತು. ಯೆಹೂದಿ ಸೈನಿಕರನ್ನು ಬೇರೆ ಗುಂಪು ಮಾಡಿ ಕಾಡಿನ ಕೆಲಸಕ್ಕೆ ಹಚ್ಚಿದ್ದರು, 70 ಮಂದಿ. ದಾರಿಯಲ್ಲಿ ಎದುರಾಗುವ ಜರ್ಮನ್ ಹೆಂಗಸರು, ಮಕ್ಕಳು ಇವರನ್ನು ಮನುಷ್ಯರೆಂದು ನೋಡುತ್ತಿರಲಿಲ್ಲ. ಎಲ್ಲಿಂದಲೋ ಬಂದ ನಾಯಿಯೊಂದು ಕೆಲವು ವಾರ ಬೆಳಗಿನ ಹಾಜರಿಗೂ ಸಂಜೆಯ ಮರಳಿಕೆಗೂ ಕುಣಿದು ಬೊಗಳುತ್ತಿತ್ತು. ಬಾಬಿ ಎಂದು ಹೆಸರಿಟ್ಟರು. ಆಮೇಲೆ ಕಾವಲಿನವರು ಓಡಿಸಿದರು. ಎದುರಿನ ಮುಖ ನನ್ನನ್ನು ಕೇಳುವ ಮೊದಲ ಪ್ರಶ್ನೆಯಿಂದಲೇ ನೀತಿ ಹುಟ್ಟುತ್ತದೆ ಎಂಬ ಅವನ ಮುಂದಿನ ತತ್ತ್ವವನ್ನು ಓದುವಾಗ, ಮುಖ ತಿರುಗಿಸಿಕೊಂಡ ಆ ದಾರಿಹೋಕರು ನೆನಪಿನಲ್ಲಿರಲಿ.

ಮಸಿಕುಡಿಕೆ:
ಎಲ್ಲರಿಗೂ ಧನ್ಯವಾದ. ಓದಿನ ಕ್ರಮದ ಬಗ್ಗೆಯೂ ಹೇಳಿಬಿಡಿ.

ಹಳೇಬೇರು:
ಲೆವಿಯ ಮೊದಲ ಶಿಬಿರ ಕಥನದಿಂದ ಶುರುಮಾಡಿ. ಬೂಟು, ಚಮಚ, ಸೂಪಿನ ಸಾಲಿನಲ್ಲಿ ನಿಲ್ಲುವ ಜಾಗ, ಇವುಗಳನ್ನು ಬಿಡದೆ ಓದಿ. ತಿಳಿ ಮೇಲೆ, ಗಟ್ಟಿ ತಳದಲ್ಲಿ. ಆದ್ದರಿಂದ ಸಾಲಿನ ತೀರಾ ಮುಂದೆ ನಿಂತವನಿಗೆ ಬರೀ ನೀರು. ಕೈದಿಗಳಿಗೆ ಚಮಚ ಕೊಡುತ್ತಿರಲಿಲ್ಲ, ಬ್ರೆಡ್ಡು ಕೊಟ್ಟು ಕೊಳ್ಳಬೇಕು, ಇಲ್ಲವಾದರೆ ನಾಯಿಯ ಹಾಗೆ ನೆಕ್ಕಬೇಕು. ಬಿಡುಗಡೆಯಾದಾಗ ಉಗ್ರಾಣದಲ್ಲಿ ಸಾವಿರಾರು ಹೊಸ ಚಮಚ ಸಿಕ್ಕವು. ಘನತೆ ಕುರಿತ ಅಧ್ಯಾಯ ಬಂದಾಗ ಇದು ಕೈಯಲ್ಲಿರಬೇಕು. ಆಮೇಲೆ ಆಮೆರಿ. ಅವನ ಪ್ರಬಂಧಗಳನ್ನು ಒಂದೊಂದಾಗಿ, ನಡುವೆ ದಿನಗಳ ಬಿಡುವು ಕೊಟ್ಟು. ಫ್ರಾಂಕಲ್ ಮೂರನೆಯವನು, ಅವನ ಚಿಕಿತ್ಸಾ ಸಿದ್ಧಾಂತದ ಭಾಗವನ್ನು ಶಿಬಿರದ ಭಾಗದಿಂದ ಬೇರೆ ಮಾಡಿ ಓದಿ. ಕೊನೆಗೆ ಲೆವಿಯ 1986ರ ಪ್ರಬಂಧಗಳು. ಅಲ್ಲಿ ಅವನು 40 ವರ್ಷದ ಹಿಂದಿನ ತನ್ನನ್ನೇ ತಿರುಗಿ ಪರೀಕ್ಷಿಸುತ್ತಾನೆ, ಆಮೆರಿಗೂ ಉತ್ತರಿಸುತ್ತಾನೆ. ಭಾಷಣಗಳಲ್ಲಿ ಈ ಕ್ರಮ ತಿರುವುಮುರುವಾಗಿ ಫ್ರಾಂಕಲ್ ಮೊದಲು ಬರುತ್ತಾನೆ, ಉಳಿದವರು ಬರುವುದೇ ಇಲ್ಲ.

ಅನುವಾದದಮೇಜು:
ಹಳೇಬೇರು ಅವರೇ, ಇನ್ನೊಂದು ಪದ ಸೇರಿಸುತ್ತೇನೆ, ನಿಮ್ಮ ಬರಹದಲ್ಲೇ ಸಿಕ್ಕಿತು. ಕನ್ನಡದಲ್ಲಿ ‘ಉಳಿದವರು’ ಎಂದರೆ ಬದುಕಿಕೊಂಡವರೂ ಹೌದು, ಮಿಕ್ಕವರೂ ಹೌದು. ಈ ಚರ್ಚೆಯ ಶೀರ್ಷಿಕೆಯಲ್ಲಿ ‘ಉಳಿದ’ ಎಂದರೆ ಬದುಕಿದ. ನಿಮ್ಮ ಮೊದಲ ಬರಹದಲ್ಲಿ ‘ಉಳಿದ 500ಕ್ಕೂ ಹೆಚ್ಚು ಜನ’ ಎಂದರೆ ಎರಡು ದಿನದಲ್ಲಿ ಕೊಲೆಯಾದವರು. ನಿಜವಾದ ಸಾಕ್ಷಿಗಳು ನಾವಲ್ಲ, ತಳ ಮುಟ್ಟಿದವರು, ಅವರು ಹಿಂತಿರುಗಲಿಲ್ಲ; ನಾವು ಅವರ ಪರವಾಗಿ ಮಾತಾಡುತ್ತೇವೆ ಎಂದು ಲೆವಿ ಕೊನೆಗೆ ಬರೆಯುತ್ತಾನಲ್ಲ, ಆ ಪುಟ ಅನುವಾದಿಸುವಾಗ ಈ ಪದ ಎಡವಿಸುತ್ತದೆ. ನಾನು ‘ಬದುಕಿ ಬಂದವರು’, ‘ಬಾರದವರು’ ಎಂದು ಬಳಸುತ್ತಿದ್ದೇನೆ. ‘ಉಳಿದವರು’ ಎಂಬುದನ್ನು ಎರಡೂ ಕಡೆ ಕೈಬಿಟ್ಟಿದ್ದೇನೆ.